ಉಸ್ತಾ ಬಯೂಮಿಯ ಚೀನಾ ಕುರ್ಚಿ

ಈಜಿಪ್ಟಿನ ಝಿಫ್ತಾ ಊರಿನ ಬಯೂಮಿ ಮೂವತ್ತೊಂದು ವರ್ಷದಿಂದ ಕ್ಷೌರದ ಅಂಗಡಿ ನಡೆಸುತ್ತಿದ್ದವನು. ಕಸುಬು ಬಲ್ಲವನಾದ್ದರಿಂದ ಊರಿಗೆಲ್ಲ ಉಸ್ತಾ ಬಯೂಮಿ. ಈ ಮೂವತ್ತೊಂದು ವರ್ಷದಲ್ಲಿ ಒಂದು ಸಲವಾದರೂ ಅವನು ಯಾರ ಮುಖ ನೋಡಿ ‘ಇಷ್ಟು ಕೊಡಿ’ ಎಂದವನಲ್ಲ. ಕತ್ತರಿ ಕೆಳಗಿಟ್ಟು, ಕುತ್ತಿಗೆ ಒರೆಸಿ, ಹೊದಿಸಿದ ಬಟ್ಟೆ ಕೊಡವಿದ ಮೇಲೆ ಗಿರಾಕಿ ಜೇಬಿಗೆ ಕೈಹಾಕಿ ‘ಎಷ್ಟಾಯ್ತು ಉಸ್ತಾ?’ ಎನ್ನಬೇಕು. ಬಯೂಮಿ ಎದೆಯ ಮೇಲೆ ಕೈಯಿಟ್ಟು ‘ಬಿಡಿ, ಇದು ನಿಮ್ಮದೇ ಅಂಗಡಿ’ ಎನ್ನಬೇಕು. ‘ಅದೆಲ್ಲ ಆಗೋ ಮಾತಲ್ಲ’ ಎಂದು ಅವನು. ‘ದೇವರಾಣೆ ಬೇಡ’ ಎಂದು ಇವನು. ‘ನನ್ನ ಮಕ್ಕಳಾಣೆ ತಗೋಬೇಕು’ ಎಂದು ಮತ್ತೆ ಅವನು. ಮೂರನೆಯ ಸುತ್ತಿಗೆ ದುಡ್ಡು ಆ ಕೈಯಿಂದ ಈ ಕೈಗೆ ದಾಟುತ್ತದೆ. ದಾಟುವಾಗ ಇಬ್ಬರೂ ಬೇರೆ ಕಡೆ ನೋಡುತ್ತಿರುತ್ತಾರೆ.

ಇದು ನಮ್ಮ ಕಡೆಯ ಬಾಯುಪಚಾರ. ಟ್ಯಾಕ್ಸಿಯವನೂ ಹೀಗೇ, ತರಕಾರಿಯವನೂ ಹೀಗೇ. ಮೊದಲ ಮಾತಿಗೆ ದುಡ್ಡು ಬೇಡವೆನ್ನದವನನ್ನು ಜನ ಒರಟನೆನ್ನುತ್ತಾರೆ, ಆ ಮೊದಲ ಮಾತನ್ನೇ ನಂಬಿ ಎದ್ದು ಹೋದವನು ಇದುವರೆಗೆ ಊರಿನಲ್ಲಿ ಹುಟ್ಟಿರಲಿಲ್ಲ.

ಇಂಥ ಸುಭದ್ರವಾದ ವ್ಯವಸ್ಥೆ ಕುಸಿದದ್ದು ಹಾಜಿ ಶಹಾತಾ ಅವರ ತೂಕದಿಂದ. ಹಾಜಿ ಊರಿನ ಧಾನ್ಯದ ವ್ಯಾಪಾರಿ. ತಮ್ಮ ಗೋದಾಮಿನ ಮೂಟೆಗಳ ನಡುವೆ ನಿಂತರೆ ಮೂಟೆ ಯಾವುದು ಹಾಜಿ ಯಾವುದು ಎಂದು ಕೂಲಿಗಳು ಒಂದು ಕ್ಷಣ ಯೋಚಿಸಬೇಕು. ಅಂಗಡಿಯ ಕುರ್ಚಿಯಾದರೋ ಬಯೂಮಿಯ ಅಪ್ಪ ಊರು ಬಿಟ್ಟು ಹೊರಟ ಒಬ್ಬ ಗ್ರೀಕನಿಂದ ಕೊಂಡದ್ದು. ಒಂದು ಗುರುವಾರ ಸಂಜೆ ಗಡ್ಡಕ್ಕೆ ನೊರೆ ಹಚ್ಚಿ, ಅರ್ಧ ಕೆನ್ನೆ ಬೋಳಿಸಿ, ಇನ್ನರ್ಧಕ್ಕಾಗಿ ಬಯೂಮಿ ಕುರ್ಚಿಯ ಬೆನ್ನನ್ನು ಹಿಂದಕ್ಕೆ ವಾಲಿಸಿದ. ಅದು ವಾಲಿತು, ಇನ್ನೂ ವಾಲಿತು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲದೆ ಹಾಜಿಯನ್ನು ನೆಲಕ್ಕೆ ಮುಟ್ಟಿಸಿತು.

ಕಾಲು ಮೇಲೆ, ತಲೆ ಕೆಳಗಾಗಿ ಮಲಗಿದ್ದ ಹಾಜಿ ಚಾವಣಿ ನೋಡುತ್ತ ಕೇಳಿದರು. ‘‘ಉಸ್ತಾ, ನಾನು ಸತ್ತಿದೀನಾ?’’

‘‘ಇಲ್ಲ ಹಾಜಿ, ಇನ್ನೂ ಅರ್ಧ ಗಡ್ಡ ಬಾಕಿ ಇದೆ.’’

ಆ ಅರ್ಧ ಗಡ್ಡವನ್ನು ಹಾಜಿ ಎದುರಿನ ಸಲೂನಿನಲ್ಲಿ ಬೋಳಿಸಿಕೊಂಡರು. ಅದು ತೀತೋ ಎಂಬ ಹುಡುಗನದು. ಗೋಡೆ ತುಂಬ ಬಣ್ಣದ ದೀಪ, ಮೇಲೆ ಕೆಳಗೆ ಹೋಗುವ ಮೂರು ಕರಿ ಕುರ್ಚಿ. ಒಂದು ಕೆನ್ನೆಗೆ ನೊರೆ ಮೆತ್ತಿಕೊಂಡು ಹಾಜಿ ರಸ್ತೆ ದಾಟಿದ್ದನ್ನು ಇಡೀ ಪೇಟೆ ನೋಡಿತು. ಮುಂದಿನ ವಾರದಿಂದ ಬಯೂಮಿಯ ಗಿರಾಕಿಗಳು ಒಬ್ಬೊಬ್ಬರಾಗಿ ತಲೆ ತಗ್ಗಿಸಿಕೊಂಡು ಆ ಕಡೆ ದಾಟತೊಡಗಿದರು. ಉಳಿದವರು ಇಬ್ಬರೇ. ಒಬ್ಬರು ನಿವೃತ್ತ ಇಂಗ್ಲಿಷ್ ಮೇಷ್ಟ್ರು ರಿಫಾತ್, ಅವರಿಗೆ ಕೂದಲಿಲ್ಲ, ಪುಕ್ಕಟೆ ಪತ್ರಿಕೆ ಓದಲು ಬರುತ್ತಿದ್ದರು. ಇನ್ನೊಬ್ಬ ಪಕ್ಕದ ಚಹಾದಂಗಡಿಯ ಝಗ್ಲೂಲ್, ಅವನು ಬರುತ್ತಿದ್ದುದು ಸುದ್ದಿ ಸಂಗ್ರಹಕ್ಕೆ.

‘‘ಕೈರೋದಲ್ಲಿ ಕುರ್ಚಿ ಕೇಳಿದೀಯಾ?’’ ಎಂದರು ಮೇಷ್ಟ್ರು.

‘‘ಕೇಳಿದೆ. ಬೆಲೆ ಹೇಳಿದ್ಮೇಲೆ ಅವನೇ ನನಗೊಂದು ಲೋಟ ನೀರು ಕೊಟ್ಟ.’’

‘‘ಆ ಕೈರೋದವನು ಎಲ್ಲಿಂದ ತರ್ತಾನೆ? ಚೀನಾದಿಂದ. ನೀನೇ ನೇರವಾಗಿ ತರಿಸು. ಫೋನಿನಲ್ಲಿ ಕಾರ್ಖಾನೆಯವರೇ ಮಾತಾಡ್ತಾರೆ. ಮೂರರಲ್ಲೊಂದು ಪಾಲು ಬೆಲೆ. ಇಂಗ್ಲಿಷ್ ನಾನು ಬರೀತೀನಿ. ಆದ್ರೆ ಒಂದು ಮಾತು, ನೀನು ಹೇಳಿದ್ದಕ್ಕೆ ಉಪ್ಪೂ ಹಾಕಲ್ಲ, ಖಾರವೂ ಹಾಕಲ್ಲ. ಇದ್ದದ್ದು ಇದ್ದ ಹಾಗೆ ಅನುವಾದ.’’

ಮಧ್ಯಾಹ್ನದ ಊಟಕ್ಕೆ ಕೂತಾಗ ಬಯೂಮಿ ಇದನ್ನೆಲ್ಲ ಹೆಂಡತಿ ಇನ್ಸಾಫ್‌ಗೆ ಹೇಳಿದ. ಮೂರರಲ್ಲೊಂದು ಪಾಲಿಗೂ ತನ್ನಲ್ಲಿ ಗತಿಯಿಲ್ಲವೆಂದೂ ಹೇಳಿದ. ಇನ್ಸಾಫ್ ಎದ್ದು ಕೈಗೆ ಸೋಪು ಹಚ್ಚಿಕೊಂಡು ನಾಲ್ಕು ಚಿನ್ನದ ಬಳೆ ಬಿಚ್ಚಿ ತಂದು ರೊಟ್ಟಿಯ ಪಕ್ಕದಲ್ಲಿಟ್ಟಳು. ಮದುವೆಯಲ್ಲಿ ಬಯೂಮಿಯೇ ತೊಡಿಸಿದ ಬಳೆಗಳವು. ಅವು ಸದ್ದು ಮಾಡಿದರೆ ಇನ್ಸಾಫ್ ಮೆಟ್ಟಿಲಿಳಿಯುತ್ತಿದ್ದಾಳೆಂದು ಕೆಳಗಿನ ಮನೆಯವರಿಗೆ ಗೊತ್ತಾಗುತ್ತಿತ್ತು. ‘‘ತಗೊಳ್ಳಿ’’ ಎಂದಳು. ‘‘ಬಳೆ ಏನು, ನನ್ನ ಕಣ್ಣೂ ನಿಮ್ಮದೇ.’’

ಬಯೂಮಿ ನಾಲ್ಕನ್ನೂ ಕರವಸ್ತ್ರದಲ್ಲಿ ಕಟ್ಟಿಕೊಂಡ. ಇಂಥ ಹೆಂಡತಿ ಯಾರಿಗುಂಟು ಎಂದುಕೊಂಡು ಅದೇ ಸಂಜೆ ಅವುಗಳನ್ನು ಅಕ್ಕಸಾಲಿಗ ಗಿರ್ಗಿಸ್ ಬಳಿಗೆ ಒಯ್ದ.

ಗಿರ್ಗಿಸ್ ಒಳ್ಳೆಯವನು. ‘‘ಈದ್ ಹಬ್ಬದ ಮೂರನೇ ದಿನದವರೆಗೆ ನಾನಿದನ್ನ ಕರಗಿಸಲ್ಲ’’ ಎಂದ. ‘‘ಹಬ್ಬದ ಹಿಂದಿನ ದಿನ ನಿಮ್ಮ ಕಸುಬಿಗೆ ಸುಗ್ಗಿ ಅಲ್ವಾ? ಆ ಸಂಪಾದನೆ ತಂದಿಡು, ನಾಲ್ಕನ್ನೂ ಹಾಗೇ ಎತ್ತಿಟ್ಟಿರ್ತೀನಿ, ಉಳಿದದ್ದು ನಿಧಾನಕ್ಕೆ ಕೊಡುವೆಯಂತೆ. ತರದೆ ಹೋದ್ರೆ ನನ್ನ ಮೇಲೆ ಬೇಜಾರಾಗ್ಬೇಡ.’’

ರಂಜಾನಿಗೆ ಇನ್ನೂ ಒಂದು ತಿಂಗಳಿತ್ತು. ಕುರ್ಚಿ ಬರುತ್ತದೆ, ಹಾಜಿ ಬರುತ್ತಾರೆ, ಹಾಜಿಯ ಹಿಂದೆ ಊರೇ ಬರುತ್ತದೆ, ಬಳೆ ಮನೆಗೆ ಬರುತ್ತದೆ. ಲೆಕ್ಕ ಇಷ್ಟು ಸರಳವಾಗಿತ್ತು.

ಫೋನಿನ ಆ ತುದಿಯಲ್ಲಿ, ಚೀನಾದಲ್ಲಿ, ಸಿಕ್ಕವಳ ಹೆಸರು ಮಿಸ್ ಚೆರ್ರಿ. ಕಾರ್ಖಾನೆಯ ಮಾರಾಟದ ಹುಡುಗಿ. ಎಷ್ಟು ಹೊತ್ತಿಗೆ ಬರೆದರೂ ಅರ್ಧ ನಿಮಿಷದಲ್ಲಿ ಉತ್ತರ ಕೊಡುತ್ತಿದ್ದಳು. ಅವಳ ಮೊದಲ ಪ್ರಶ್ನೆ, ಎಷ್ಟು ಕುರ್ಚಿ ಬೇಕು, ಕನಿಷ್ಠ ಇಪ್ಪತ್ತು ಎಂದು.

ಒಂದು ಎನ್ನಲು ಬಯೂಮಿಗೆ ನಾಚಿಕೆ. ‘‘ಸದ್ಯಕ್ಕೆ ಒಂದು ಅನ್ನಿ ಮೇಷ್ಟ್ರೇ. ದೇವರು ಕೊಟ್ರೆ ಮುಂದೆ ಇಪ್ಪತ್ತೇನು, ಇನ್ನೂರು ತಗೊಳ್ಳೋಣ ಅನ್ನಿ.’’

ಮೇಷ್ಟ್ರು ಹಾಗೆಯೇ ಬರೆದರು. ಉತ್ತರ ಬಂತು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಓದಿದರು. ‘‘ಆಗಲಿ ಪ್ರಿಯರೇ. ದೇವರು ಯಾವ ತಿಂಗಳಲ್ಲಿ ಕೊಡುತ್ತಾರೆ? ಜೂನ್‌ವರೆಗೆ ನಮ್ಮ ಕಾರ್ಖಾನೆಯಲ್ಲಿ ಕೆಲಸ ತುಂಬಿದೆ.’’

ಬಾಗಿಲಿಗೆ ಊಟದ ಡಬ್ಬಿ ತಂದಿದ್ದ ಇನ್ಸಾಫ್ ಅಲ್ಲೇ ನಿಂತಳು. ‘‘ಯಾರದು ಇವರನ್ನ ಪ್ರಿಯರೇ ಅನ್ನೋಳು?’’

‘‘ಇದು ವ್ಯಾಪಾರದ ಪ್ರಿಯ ಕಣಮ್ಮ, ಮನೆಯ ಪ್ರಿಯ ಅಲ್ಲ’’ ಎಂದರು ಮೇಷ್ಟ್ರು. ‘‘ಅವಳು ಬ್ರೆಜಿಲ್‌ನೋರಿಗೂ ಹೀಗೇ ಬರೀತಾಳೆ.’’

‘‘ಬ್ರೆಜಿಲ್‌ನೋರ ಹೆಂಡ್ತೀರು ಏನಂತಾರೋ ನಂಗೊತ್ತಿಲ್ಲ’’ ಎಂದು ಡಬ್ಬಿಯನ್ನು ಸದ್ದಾಗುವ ಹಾಗೆ ಇಟ್ಟು ಹೋದಳು.

ಮಿಸ್ ಚೆರ್ರಿ ಒಂದೇ ಕುರ್ಚಿಗೂ ಒಪ್ಪಿದಳು, ಮಾದರಿಗೆಂದು ಕಳಿಸುತ್ತೇನೆ ಎಂದಳು. ಅಷ್ಟೇ ಅಲ್ಲ, ಮರುದಿನ ತಾನಾಗಿಯೇ ಇನ್ನೊಂದು ಮಾತು ಬರೆದಳು. ಹೊಸ ಗೆಳೆಯರಿಗೆ ನಲವತ್ತು ಡಾಲರ್ ರಿಯಾಯಿತಿ, ಜೊತೆಗೆ ಕತ್ತರಿ ಬಾಚಣಿಗೆ ಇಡುವ ಗಾಲಿಯ ಬಂಡಿ ಒಂದು ಉಚಿತ.

ಮೇಷ್ಟ್ರು ಓದಿ ಹೇಳಿದ ಕೂಡಲೇ ಬಯೂಮಿಯ ಬಲಗೈ ತಾನಾಗಿ ಎದೆಗೆ ಹೋಯಿತು. ‘‘ಛೆ ಛೆ, ಖಂಡಿತ ಬೇಡ ಅನ್ನಿ. ಆ ಹುಡುಗಿಗೂ ಮನೆಮಠ ಇರುತ್ತೆ. ಅವಳ ಬಾಯಿ ತುತ್ತು ಕಿತ್ಕೊಳ್ಳೋದಾ? ದೇವರಾಣೆ ತಗೊಳ್ಳಲ್ಲ ಅಂತ ಬರೀರಿ.’’

‘‘ಬರೀಲಾ? ನಿಜವಾಗ್ಲೂ?’’

‘‘ಬರೀರಿ. ಈಗ ಅವಳು ಒತ್ತಾಯ ಮಾಡ್ತಾಳೆ. ಎರಡನೇ ಸಲ ಬೇಡ ಅಂತೀನಿ. ಮೂರನೇ ಸಲಕ್ಕೆ ನಾಚ್ಕೊಂಡು ತಗೋತೀನಿ. ಬಂಡಿನೂ ಬೇಕು ನಂಗೆ.’’

ಮೇಷ್ಟ್ರು ಉಪ್ಪುಖಾರವಿಲ್ಲದೆ ಬರೆದರು. ನಮ್ಮ ಯಜಮಾನರು ದೇವರ ಮೇಲೆ ಪ್ರಮಾಣ ಮಾಡಿ ಹೇಳುತ್ತಾರೆ, ಅವರಿಗೆ ನಿಮ್ಮ ರಿಯಾಯಿತಿ ಬೇಡ. ಅರ್ಧ ನಿಮಿಷದಲ್ಲಿ ಫೋನು ಟಿಂಗ್ ಎಂದಿತು.

‘‘ಆಗಲಿ ಪ್ರಿಯರೇ. ನಿಮ್ಮ ಪ್ರಾಮಾಣಿಕತೆಗೆ ವಂದನೆ. ಪೂರ್ತಿ ಬೆಲೆ ಹಾಕಿದ್ದೇನೆ. ಬಂಡಿ ತೆಗೆದಿದ್ದೇನೆ.’’

ಝಗ್ಲೂಲ್ ಕೈಯಲ್ಲಿದ್ದ ಚಹಾ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟ.

‘‘ಇನ್ನೂ ಬರೀತಿದಾಳೆ, ನೋಡಿ’’ ಎಂದ ಬಯೂಮಿ.

‘‘ಇಲ್ಲ.’’

‘‘ಅಲ್ಲಿ ಊಟದ ಹೊತ್ತಿರಬೇಕು. ಉಂಡು ಬಂದು ಒತ್ತಾಯ ಮಾಡ್ತಾಳೆ.’’

ಊಟದ ಹೊತ್ತು ಕಳೆಯಿತು, ಚೀನಾದಲ್ಲಿ ಸೂರ್ಯ ಮುಳುಗಿದ, ಮಿಸ್ ಚೆರ್ರಿ ಒತ್ತಾಯ ಮಾಡಲಿಲ್ಲ. ಈಗಲಾದರೂ ಕೊಡಿ ಎಂದು ಬರೆದುಬಿಡೋಣವೆಂದು ಮೇಷ್ಟ್ರು ಹೇಳಿದರು. ಆದರೆ ದೇವರ ಮೇಲೆ ಆಣೆಯಿಟ್ಟಾಗಿತ್ತು. ಆಣೆ ಮುರಿದರೆ ಹತ್ತು ಜನ ಬಡವರಿಗೆ ಊಟ ಹಾಕಬೇಕು, ಈಗಿನ ಮಾಂಸದ ಬೆಲೆಯಲ್ಲಿ ಅದು ನಲವತ್ತು ಡಾಲರಿಗೆ ಮುಗಿಯುವ ಬಾಬತ್ತಲ್ಲ. ಬಯೂಮಿ ತಗ್ಗಿಸಿದ ತಲೆ ಎತ್ತಲಿಲ್ಲ. ‘‘ಒಂದು ಸಲ, ಮೇಷ್ಟ್ರೇ’’ ಎಂದ. ‘‘ಬಾಯಿಮಾತಿಗೆ ಒಂದೇ ಒಂದು ಸಲ ಇರಲಿ ತಗೊಳ್ಳಿ ಅನ್ನಬಾರದಿತ್ತಾ?’’

ಇಷ್ಟಾದ ಮೇಲೆ ಬುದ್ಧಿ ಬರಬೇಕಿತ್ತು. ಆದರೆ ಬುದ್ಧಿ ಬರುವುದು ತಲೆಗೆ, ಮೂವತ್ತೊಂದು ವರ್ಷ ಪಳಗಿದ್ದು ನಾಲಗೆ. ಎರಡು ದಿನ ಬಿಟ್ಟು ಮಿಸ್ ಚೆರ್ರಿ ಬಣ್ಣ ಯಾವುದೆಂದು ಕೇಳಿದಳು. ಬಯೂಮಿಗೆ ಬೇಕಾದದ್ದು ಕಪ್ಪು. ಅವನ ಬಾಯಿಂದ ಬಂದದ್ದು, ‘‘ಅವರ ಅಭಿರುಚಿ ಮುಂದೆ ನಮ್ಮದೇನು? ಅವರ ಕಣ್ಣಿಗೆ ಚೆಂದ ಕಂಡದ್ದನ್ನ ನಾವು ತಲೆ ಮೇಲಿಟ್ಕೋತೀವಿ.’’

ಮೇಷ್ಟ್ರು ಪೆನ್ನಿನಂತೆ ಬೆರಳೆತ್ತಿ ಎಚ್ಚರಿಸಿದರು. ‘‘ಬಯೂಮಿ, ಯೋಚನೆ ಮಾಡು.’’

‘‘ಇಲ್ಲ, ನೀವೇ ಹೇಳಿ ಅಂತ ಅವಳು ವಾಪಸ್ ಕೇಳ್ತಾಳೆ. ಬಣ್ಣದ ವಿಷಯದಲ್ಲಿ ಯಾರಾದ್ರೂ ಕೇಳೇ ಕೇಳ್ತಾರೆ.’’

‘‘ಆಗಲಿ ಪ್ರಿಯರೇ’’ ಎಂದು ಬಂತು. ‘‘ನನಗೆ ಗುಲಾಬಿ ಬಣ್ಣ ಇಷ್ಟ.’’ ಕೊನೆಯಲ್ಲಿ ಒಂದು ಹೃದಯದ ಚಿತ್ರವೂ ಇತ್ತು. ಮೇಷ್ಟ್ರು ಅದನ್ನು ಅನುವಾದಿಸಲಿಲ್ಲ.

ಝಗ್ಲೂಲ್‌ನ ಚಹಾದಂಗಡಿಯಲ್ಲಿ ಅಂದು ಸಂಜೆ ಕೂರಲು ಜಾಗವಿರಲಿಲ್ಲ. ಅವನು ಬಯೂಮಿಯಾಗಿ ಎದೆಗೆ ಕೈಯಿಡುವನು, ಮಿಸ್ ಚೆರ್ರಿಯಾಗಿ ಕಣ್ಣು ಪಿಳುಕಿಸುವನು. ಕೆಲವೇ ದಿನದಲ್ಲಿ ‘ಆಗಲಿ ಪ್ರಿಯರೇ’ ಎಂಬುದು ಊರ ಬಾಯಿಗೆ ಹತ್ತಿತು. ಮಾವನ ಮನೆಯಲ್ಲಿ ಊಟಕ್ಕೆ ಏಳಿ ಎಂದರೆ ಅಳಿಯ ಅನ್ನುವನು, ಆಗಲಿ ಪ್ರಿಯರೇ. ಮೀನಿನವನು ಇನ್ನೆರಡು ಹಾಕಲಾ ಎಂದರೆ ಹೆಂಗಸರು ಅನ್ನುವರು, ಆಗಲಿ ಪ್ರಿಯರೇ. ಬಯೂಮಿ ರಸ್ತೆಯಲ್ಲಿ ಹೋದರೆ ಮಹಡಿಗಳ ಮೇಲಿಂದ ಇದೇ ಮಾತು ಉದುರುತ್ತಿತ್ತು. ತೀತೋ ಮಾತ್ರ ನಗಲಿಲ್ಲ. ‘‘ಉಸ್ತಾ, ಗುಲಾಬಿ ಆದ್ರೂ ಪರವಾಗಿಲ್ಲ, ಬೇಗ ತರಿಸ್ಕೊಳ್ಳಿ. ನಿಮ್ಮ ಹಾಜಿಯ ಕುತ್ತಿಗೆ ನಂಗೆ ಸಾಕಾಗಿದೆ’’ ಎಂದ. ಈ ಮರುಕ ಬಯೂಮಿಗೆ ಎಲ್ಲ ನಗೆಗಿಂತ ಹೆಚ್ಚು ಚುಚ್ಚಿತು.

ಹಡಗು ಬಂದದ್ದು ರಂಜಾನಿನ ಕೊನೆಯ ವಾರದಲ್ಲಿ. ಬಂದರಿನ ಸುಂಕದ ಕಚೇರಿಯಲ್ಲಿ ಬಯೂಮಿಯ ಕಾಗದ ನೋಡುತ್ತಿದ್ದ ಅಧಿಕಾರಿ ಬೆಳಗಿನಿಂದ ಸಿಗರೇಟಿಲ್ಲದೆ ಉಪವಾಸ ಕೂತು ಹಣೆ ಒತ್ತಿಕೊಳ್ಳುತ್ತಿದ್ದ. ಒಂದು ಹಾಳೆಯ ಮೇಲೆ ಅವನ ಬೆರಳು ನಿಂತಿತು. ಮಿಸ್ ಚೆರ್ರಿ ಪ್ರಾಮಾಣಿಕ ಹುಡುಗಿ. ಬೆಲೆಪಟ್ಟಿಯ ಕೆಳಗೆ ಒಂದು ಸಾಲು ಬರೆದಿದ್ದಳು. ರಿಯಾಯಿತಿ ಕೊಡಲಾಯಿತು, ಗ್ರಾಹಕರು ನಿರಾಕರಿಸಿದರು.

ಅಧಿಕಾರಿ ಅದನ್ನು ಎರಡು ಸಲ ಓದಿ, ಪಕ್ಕದ ಮೇಜಿನವನಿಗೆ ತೋರಿಸಿದ. ಅವನು ಇನ್ನೊಬ್ಬನನ್ನು ಕರೆದ. ಸ್ವಲ್ಪ ಹೊತ್ತಿನಲ್ಲಿ ಬಯೂಮಿಯ ಸುತ್ತ ಏಳು ಜನ ನಿಂತಿದ್ದರು.

‘‘ಉಸ್ತಾ’’ ಎಂದ ಅಧಿಕಾರಿ ಮೃದುವಾಗಿ, ‘‘ಇಪ್ಪತ್ತೆರಡು ವರ್ಷ ಆಯ್ತು ನಾನು ಇಲ್ಲಿ ಕೂತು. ಬೆಲೆ ಕಮ್ಮಿ ತೋರಿಸಿದೋರನ್ನ ನೋಡಿದೀನಿ, ಫ್ರಿಜ್ಜನ್ನ ಕಪಾಟು ಅಂತ ಬರೆಸಿದೋರನ್ನ ನೋಡಿದೀನಿ. ರಿಯಾಯಿತಿ ಬೇಡ ಅಂದ ಈಜಿಪ್ಟಿನೋನನ್ನ ನೋಡಿಲ್ಲ. ಏನಿದೆ ಕುರ್ಚಿಯೊಳಗೆ?’’

‘‘ಸ್ಪಂಜು, ಸಾಹೇಬ್ರೇ.’’

‘‘ಸ್ಪಂಜು ಸರಿ. ಸ್ಪಂಜಿನೊಳಗೆ?’’

‘‘ನಾನು ಬೇಡ ಅಂದದ್ದು ಮರ್ಯಾದೆಗೆ. ಅವಳು ಮತ್ತೆ ಹೇಳ್ತಾಳೆ ಅಂದ್ಕೊಂಡೆ.’’

‘‘ಯಾರು ಹೇಳ್ತಾಳೆ? ಏನು ಹೇಳ್ತಾಳೆ? ಇದರಲ್ಲಿ ಹೆಣ್ಣೂ ಇದೆಯಾ?’’

ಪೆಟ್ಟಿಗೆ ಒಡೆದರು. ಗುಲಾಬಿ ಬಣ್ಣದ ಕುರ್ಚಿ ಬಂದರಿನ ಬಿಸಿಲಿನಲ್ಲಿ ಮದುಮಗಳಂತೆ ನಿಂತಿತು. ಒಬ್ಬ ಜವಾನ ಚಾಕು ತಂದು ಸೀಟನ್ನು ಉದ್ದಕ್ಕೂ ಕೊಯ್ದು ಮೊಣಕೈವರೆಗೆ ಕೈ ತೂರಿಸಿದ. ಸ್ಪಂಜು ಬಂತು. ಇನ್ನಷ್ಟು ಒಳಗೆ ಹುಡುಕಿದರೆ ಇನ್ನಷ್ಟು ಸ್ಪಂಜು. ಅಧಿಕಾರಿಯ ಮುಖ ಬಾಡಿತು. ಉಪವಾಸದ ದಿನ, ಬಿಸಿಲಿನಲ್ಲಿ ಇಷ್ಟು ಜನ ದಣಿದು, ಏನೂ ಸಿಗದೆ ನಿಂತದ್ದನ್ನು ಕಂಡು ಬಯೂಮಿಗೆ ಪಾಪ ಅನ್ನಿಸಿತು. ಅವನ ಕೈ ಎದೆಗೆ ಹೋಯಿತು.

‘‘ನನ್ನಿಂದ ನಿಮಗೆಲ್ಲ ತೊಂದ್ರೆ. ಬೇಕಿದ್ರೆ ಬೆನ್ನನ್ನೂ ಕೊಯ್ದು ನೋಡಿ ಸಾಹೇಬ್ರೇ. ಕುರ್ಚಿ ನಿಮ್ಮದೇ.’’

‘‘ಆಗಲಿ’’ ಎಂದ ಅಧಿಕಾರಿ. ಬೆನ್ನನ್ನೂ ಕೊಯ್ದರು.

ಸಂಜೆ ಅಂಗಡಿಯ ಮುಂದೆ ಕುರ್ಚಿ ಇಳಿದಾಗ ಇನ್ಸಾಫ್ ದಬ್ಬಣ ತಂದಳು. ಗುಲಾಬಿ ದಾರ ಊರಲ್ಲೆಲ್ಲೂ ಸಿಗಲಿಲ್ಲ, ಕಪ್ಪು ದಾರದಲ್ಲೇ ಹೊಲಿದಳು. ನೆಲದ ಮೇಲೆ ಕೂತು, ಒಂದು ಮೊಣಕಾಲನ್ನು ಸೀಟಿಗೆ ಒತ್ತಿ ಹೊಲಿಯುವಾಗ ಅವಳ ಬರಿಗೈ ಸದ್ದಿಲ್ಲದೆ ಮೇಲೆ ಕೆಳಗೆ ಆಡುತ್ತಿತ್ತು. ಬಯೂಮಿ ಅದನ್ನು ನೋಡಲಾರದೆ ಕನ್ನಡಿ ಒರೆಸುತ್ತಿದ್ದ. ‘‘ಮೂರೇ ದಿನ ಇನ್ಸಾಫ್’’ ಎಂದ. ‘‘ಹಬ್ಬದ ಹಿಂದಿನ ದಿನ ಒಂದು ಬರಲಿ. ಗಿರ್ಗಿಸ್ ಹತ್ರ ನಾನೇ ಹೋಗ್ತೀನಿ.’’

‘‘ಹೋಗಿ. ಆದ್ರೆ ದುಡ್ಡು ಕೇಳಿ ತಗೊಳ್ಳಿ’’ ಎಂದಳು ಅವಳು, ದಾರವನ್ನು ಹಲ್ಲಿನಲ್ಲಿ ಕಚ್ಚಿ ಕತ್ತರಿಸುತ್ತ.

ಹಬ್ಬದ ಹಿಂದಿನ ದಿನ ದೇವರು ನಿಜವಾಗಿಯೂ ಕೊಟ್ಟ. ಮಧ್ಯಾಹ್ನದಿಂದಲೇ ಬಯೂಮಿಯ ಅಂಗಡಿಯ ಮುಂದೆ ಸಾಲು ನಿಂತಿತು. ಮಿಸ್ ಚೆರ್ರಿಯ ಕುರ್ಚಿ ನೋಡಬೇಕು, ಅದರಲ್ಲಿ ಕೂರಬೇಕು, ಸುಂಕದವರು ಕೊಯ್ದ ಗಾಯ ಮುಟ್ಟಿ ನೋಡಬೇಕು ಎಂದು ಊರಿಗೆ ಊರೇ ಬಂತು. ಝಗ್ಲೂಲ್ ತನ್ನ ಬೆಂಚುಗಳನ್ನೆಲ್ಲ ಇತ್ತ ತಿರುಗಿಸಿ ಹಾಕಿದ. ಎದುರಿನ ಸಲೂನಿನಲ್ಲಿ ತೀತೋ ಒಬ್ಬನೇ ತನ್ನ ಬಣ್ಣದ ದೀಪಗಳ ಕೆಳಗೆ ಕೂತಿದ್ದ. ಎಲ್ಲರಿಗಿಂತ ಮೊದಲು ಬಂದವರು ಹಾಜಿ ಶಹಾತಾ. ಅವರು ಕೂತರು. ಕುರ್ಚಿ ತಡೆಯಿತು. ಹಿಂದಕ್ಕೆ ವಾಲಿಸಿದರೆ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು.

ಬಯೂಮಿ ಹಾಜಿಯ ಎರಡು ಕೆನ್ನೆಯನ್ನೂ ಬೋಳಿಸಿ, ಮೀಸೆ ಕತ್ತರಿಸಿ, ಕಿವಿಯ ಕೂದಲನ್ನು ಹುರಿದಾರ ಹಾಕಿ ಕಿತ್ತು, ಪನ್ನೀರು ಚಿಮುಕಿಸಿದ. ಇಷ್ಟು ಚೆನ್ನಾಗಿ ಅವನು ತನ್ನ ಮದುವೆಯ ದಿನ ತನ್ನದೇ ಗಡ್ಡವನ್ನೂ ಮಾಡಿಕೊಂಡಿರಲಿಲ್ಲ. ಹಾಜಿ ಎದ್ದು ಜೇಬಿಗೆ ಕೈಹಾಕಿದರು.

‘‘ಎಷ್ಟಾಯ್ತು ಉಸ್ತಾ?’’

‘‘ಬಿಡಿ ಹಾಜಿ’’ ಎಂದ ಬಯೂಮಿ, ‘‘ಇದು ನಿಮ್ಮದೇ ಅಂಗಡಿ.’’

ಹಾಜಿ ಸಾಲಿನ ಕಡೆ ತಿರುಗಿದರು. ಜೇಬಿನಿಂದ ಕೈಯನ್ನು ಬರಿದಾಗಿಯೇ ಹೊರತೆಗೆದು, ಅದನ್ನು ಎದೆಯ ಮೇಲಿಟ್ಟು, ಕಣ್ಣು ಪಿಳುಕಿಸಿ ಅಂದರು. ‘‘ಆಗಲಿ ಪ್ರಿಯರೇ. ವಂದನೆ.’’

ಆ ನಗೆ ನದಿಯಾಚೆಯ ಊರಿಗೂ ಕೇಳಿಸಿರಬೇಕು. ಬಯೂಮಿಯೂ ನಕ್ಕ, ಗಿರಾಕಿ ನಕ್ಕಾಗ ನಗುವುದೂ ಕಸುಬಿನ ಒಂದು ಭಾಗವೇ. ಹಾಜಿ ಹೊಟ್ಟೆ ಹಿಡಿದು ನಗುತ್ತ ಮನೆಗೆ ಹೋದರು. ಹಬ್ಬ ಕಳೆದ ಮೇಲೆ ಎರಡರಷ್ಟು ಕೊಟ್ಟರಾಯಿತು ಎಂದು ಅವರ ಮನಸ್ಸಿನಲ್ಲಿ ಇದ್ದೀತು. ಆದರೆ ಎರಡನೆಯವನು ಕುರ್ಚಿ ಬಿಟ್ಟು ಎದ್ದಾಗ ಹಾಜಿಗಿಂತ ಚೆನ್ನಾಗಿ ಕಣ್ಣು ಪಿಳುಕಿಸಬೇಕೆಂದು ಅವನಿಗನ್ನಿಸಿತು. ಮೂರನೆಯವನು ಸೆರಗಿನಂತೆ ಟವೆಲನ್ನು ತಲೆಗೆ ಹೊದ್ದುಕೊಂಡ. ತಾನೊಬ್ಬ ಕೊಡದಿದ್ದರೇನು, ಉಳಿದವರು ಹಬ್ಬ ಕಳೆದ ಮೇಲೆ ಹೇಗೂ ಕೊಡುತ್ತಾರೆ ಎಂದು ಪ್ರತಿಯೊಬ್ಬನೂ ನಂಬಿದ್ದ.

ಐದನೆಯ ತಲೆ ಮುಗಿಯುವಾಗ ಬಯೂಮಿ ಗಟ್ಟಿಮನಸ್ಸು ಮಾಡಿದ. ಈ ಸಲ ಬೆಲೆ ಹೇಳಿಯೇ ತೀರುತ್ತೇನೆ. ಬಟ್ಟೆ ಕೊಡವುತ್ತ ಒಳಗೊಳಗೇ ಆ ಅಂಕೆಯನ್ನು ಬಾಯಿಪಾಠ ಮಾಡಿದ.

‘‘ಎಷ್ಟಾಯ್ತು ಉಸ್ತಾ?’’

ಬಯೂಮಿ ಬಾಯಿ ತೆರೆದ. ಕತ್ತಿನ ನರ ಉಬ್ಬಿತು, ಹಣೆಯಲ್ಲಿ ಬೆವರು ಬಂತು. ‘‘ಬಿ…’’ ಎಂದ, ‘‘ಬಿಡಿ…’’

‘‘ಆಗಲಿ ಪ್ರಿಯರೇ’’ ಎಂದು ಇಡೀ ಸಾಲು ಒಟ್ಟಿಗೆ ಹಾಡಿತು.

ಹೀಗೆ ಮೂವತ್ತೆಂಟು ತಲೆ. ಅಷ್ಟು ಜನರಲ್ಲಿ ಒಬ್ಬನೇ ಒಬ್ಬ ದುಡ್ಡು ಕೊಟ್ಟ. ನದಿಯಾಚೆಯಿಂದ ಅತ್ತೆಯ ಮನೆಗೆ ಹಬ್ಬಕ್ಕೆ ಬಂದ ಅಪರಿಚಿತ, ಅವನಿಗೆ ಕತೆ ಗೊತ್ತಿರಲಿಲ್ಲ. ಪಾಪ, ಮೂರು ಸುತ್ತು ಆಣೆಯಿಟ್ಟು, ಮಕ್ಕಳ ಹೆಸರೆಲ್ಲ ಹೇಳಿ ಬಲವಂತವಾಗಿ ಜೇಬಿಗೆ ತುರುಕಿದ. ಬಯೂಮಿ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಿಡಲೇ ಇಲ್ಲ. ಆ ಮನುಷ್ಯ ಹೆದರಿ, ಈ ಊರಿನ ಉಸ್ತಾನಿಗೆ ಏನೋ ಕಷ್ಟವಿದೆ ಎಂದು ಅತ್ತೆಗೆ ಹೇಳಿದನಂತೆ.

ಈದ್ ಹಬ್ಬದ ಬೆಳಿಗ್ಗೆ ನಮಾಜು ಮುಗಿಸಿ ಬಂದ ಬಯೂಮಿ ಮನೆಯ ಚಾಪೆಯ ಮೇಲೆ ಕೂತ. ಮುಂದೆ ಚಹಾ, ಸಕ್ಕರೆ ಪುಡಿ ಉದುರಿಸಿದ ಹಬ್ಬದ ಬಿಸ್ಕತ್ತಿನ ತಟ್ಟೆ. ಹೊರಗೆ ಮಕ್ಕಳು ಪಟಾಕಿ ಹೊಡೆಯುತ್ತಿದ್ದರು. ಇನ್ಸಾಫ್ ಆ ಸೆಖೆಯಲ್ಲೂ ಉದ್ದ ತೋಳಿನ ನಿಲುವಂಗಿ ತೊಟ್ಟಿದ್ದಳು. ಅವಳ ಅಕ್ಕ ನಗಾತ್ ಇನ್ನೇನು ಬರುವ ಹೊತ್ತು. ಆಕೆ ಮೊದಲು ಕೈ ನೋಡಿ ಆಮೇಲೆ ಮುಖ ನೋಡುವವಳು.

ಗಿರ್ಗಿಸ್ ಬಳಿಗೆ ಹೋಗಿ ಪ್ರಯೋಜನವಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅಪರಿಚಿತನು ಕೊಟ್ಟ ನೋಟು ಚಹಾಪುಡಿಗೂ ಸಕ್ಕರೆಗೂ ಆಗಿಹೋಗಿತ್ತು. ನಾಳಿದ್ದು ಗಡುವು ಮುಗಿಯುತ್ತದೆ, ಬಳೆಗಳು ಕರಗುತ್ತವೆ. ಬಯೂಮಿಗೆ ಯಾರನ್ನು ಬಯ್ಯಬೇಕೆಂದು ತಿಳಿಯಲಿಲ್ಲ. ಊರವರನ್ನು ಬಯ್ಯೋಣವೆಂದರೆ ನಾಳೆ ಅವರ ತಲೆಗಳೇ ಬೇಕು. ಆದ್ದರಿಂದ ಚೀನಾವನ್ನು ಬಯ್ದ.

‘‘ಎಲ್ಲ ಶುರುವಾದದ್ದು ಆ ಹುಡುಗಿಯಿಂದ’’ ಎಂದ. ‘‘ಊರಿಗೆಲ್ಲ ಆ ಕೆಟ್ಟ ಚಾಳಿ ಅಂಟಿಸಿದ್ಲು. ಒಬ್ರು ಮರ್ಯಾದೆಗೆ ತಗೊಳ್ಳಿ ಅಂದಾಗ, ಮರ್ಯಾದೆಗೆ ಬೇಡ ಅನ್ನಬೇಕು. ಬಾಯಿತುದಿಯಿಂದ ಅಂದ್ರೂ ಸಾಕು. ಕೊಟ್ಟೋರ ಮನಸ್ಸಿಗೆ ಎಷ್ಟು ಸಮಾಧಾನ ಆಗುತ್ತೆ. ಅಷ್ಟೂ ಗೊತ್ತಾಗದೆ ಬಾಚಿಕೊಳ್ಳೋ ಜನ ಎಂಥ ಜನ, ಇನ್ಸಾಫ್?’’

‘‘ಹೌದು’’ ಎಂದಳು ಇನ್ಸಾಫ್, ಲೋಟಕ್ಕೆ ಚಹಾ ಬಗ್ಗಿಸುತ್ತ. ‘‘ನಾನೂ ಅವತ್ತು ಅದನ್ನೇ ಯೋಚಿಸ್ದೆ.’’

‘‘ಯಾವತ್ತು?’’

‘‘ಬಳೆ ಬಿಚ್ಚಿ ನಿಮ್ಮ ಮುಂದಿಟ್ಟ ದಿನ.’’

ಬಯೂಮಿಯ ಬಾಯಲ್ಲಿದ್ದ ಬಿಸ್ಕತ್ತು ಹಾಗೇ ನಿಂತಿತು. ಮೀಸೆಯ ಮೇಲೆಲ್ಲ ಸಕ್ಕರೆ ಪುಡಿ.

‘‘ನೀನು… ಅದನ್ನ ಮರ್ಯಾದೆಗೆ ಕೊಟ್ಟದ್ದಾ?’’

‘‘ಮತ್ತಿನ್ನೇನು? ನೀವು ಬೇಡ ಅಂತೀರಿ, ನಾನು ತಗೊಳ್ಳಿ ಅಂತೀನಿ, ಮತ್ತೆ ನೀವು ಬೇಡ ಅಂತೀರಿ ಅಂದ್ಕೊಂಡಿದ್ದೆ. ಮೂರನೇ ಸಲಕ್ಕೆ ನಾನೇ ಸೋತು ಕೈಗೆ ಹಾಕ್ಕೊಳ್ಳೋಣ ಅಂತಿದ್ದೆ.’’ ಅವಳು ಲೋಟವನ್ನು ಅವನ ಮುಂದೆ ಸರಿಸಿದಳು. ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ‘‘ಬಾಯಿಮಾತಿಗೆ ಬೇಡ ಅಂದು ಆಮೇಲೆ ನೀವು ಕೊಂಡುಹೋಗಿದ್ರೂ ನಂಗೆ ದುಃಖ ಆಗ್ತಿರಲಿಲ್ಲ. ನೀವು ಒಂದು ಸಲನೂ ಅನ್ನಲಿಲ್ಲ.’’

ಬಯೂಮಿ ಆ ಮಧ್ಯಾಹ್ನವನ್ನು ನೆನಪಿಸಿಕೊಂಡ. ರೊಟ್ಟಿ ನೆನಪಾಯಿತು, ಸೋಪಿನ ವಾಸನೆ ನೆನಪಾಯಿತು. ತಾನು ಏನಾದರೂ ಅಂದಿದ್ದೆನೇ ಎಂದು ಎಷ್ಟು ಹುಡುಕಿದರೂ ಸಿಗಲಿಲ್ಲ. ಮೂವತ್ತೊಂದು ವರ್ಷ ಬಂದ ಗಿರಾಕಿಗಳಿಗೆಲ್ಲ, ಸಮುದ್ರದಾಚೆಯ ಮುಖ ಕಾಣದ ಹುಡುಗಿಗೆ, ಚಾಕು ಹಿಡಿದ ಸುಂಕದವರಿಗೆ ಕೂಡ ಹೇಳಿದ್ದ ಉಪಚಾರದ ಮಾತನ್ನು ಇವಳಿಗೆ ಮಾತ್ರ ಹೇಳಿರಲಿಲ್ಲ.

‘‘ಬೇಡ ಇನ್ಸಾಫ್’’ ಎಂದ.

ಅವಳು ಅವನ ಮುಖ ನೋಡಿದಳು.

‘‘ದೇವರಾಣೆ, ಬೇಡ ಇನ್ಸಾಫ್.’’

ಮೂರನೆಯ ಸಲ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಹೊರಗೆ ನಗಾತ್ ಹಬ್ಬದ ಹಾರೈಕೆ ಕೂಗುತ್ತಿದ್ದಳು, ಅವಳ ಕೈಬಳೆಗಳ ಸದ್ದು ಒಳಗಿನವರೆಗೂ ಕೇಳುತ್ತಿತ್ತು. ಇನ್ಸಾಫ್ ನಿಲುವಂಗಿಯ ಎರಡೂ ತೋಳನ್ನು ಬೆರಳಿನವರೆಗೆ ಎಳೆದುಕೊಂಡು ಬಾಗಿಲು ತೆರೆಯಲು ಎದ್ದಳು.